ಟಾರ್ಚು ಹಿಡಿದವರ ಬಾಯಿ

ಶೋಭಿತನ ಕೆಲಸದ ಹೆಸರು ಅವನ ಸಂಬಳಕ್ಕಿಂತ ಉದ್ದವಾಗಿತ್ತು. 'ಶಾಲಾ ದಂತಾರೋಗ್ಯ ಕಾರ್ಯಕ್ರಮ ಸಂಯೋಜಕ' ಎಂದು ಕೊಡಿಯಾಲ್‌ಬೈಲಿನ ಹಲ್ಲಿನ ಕ್ಲಿನಿಕ್ಕಿನವರು ಕಾರ್ಡು ಮಾಡಿಸಿ ಕೊಟ್ಟಿದ್ದರು. ಬಿಕಾಂ ಮುಗಿಸಿ ಎರಡು ಅಂಗಡಿಗಳಲ್ಲಿ ಲೆಕ್ಕ ಬರೆದು, ಎರಡೂ ಕಡೆ ತಾಳೆಯಾಗದೆ, ಕೊನೆಗೆ ಹಲ್ಲಿಗೆ ಬಂದು ಬಿದ್ದ ಹುಡುಗ. ಅವನ ಅಮ್ಮ ಮಾತ್ರ ಸಂಬಂಧ ತಂದ ದಲ್ಲಾಳಿಯ ಹತ್ತಿರ, "ಮಗ ಡೆಂಟಲ್ ಲೈನಿನಲ್ಲಿದ್ದಾನೆ" ಎಂದು ಗಂಭೀರವಾಗಿ ಹೇಳಿದ್ದರು. ದಲ್ಲಾಳಿ ಡಾಕ್ಟರನೆಂದೇ ತಿಳಿದು ಎರಡು ಮನೆಯಲ್ಲಿ ಚಹಾ ಕುಡಿದು ಬಂದಿದ್ದ. ಲೈನು ಎಂದರೆ ಪಡೀಲಿಗೆ ಹೋಗುವ ಸಿಟಿ ಬಸ್ಸಿನ ಲೈನು ಎಂಬುದು ಅವನಿಗೆ ಆಮೇಲೆ ಗೊತ್ತಾಯಿತು.

ಬಿಜೈಯ ಬಾಡಿಗೆ ಮನೆಯಿಂದ ಹೊರಟು ಬಸ್ಸು ಹತ್ತುವಾಗ ಶೋಭಿತನ ತೊಡೆಯ ಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ದವಡೆ ಇರುತ್ತಿತ್ತು. ಅರ್ಧ ಹಲಸಿನಹಣ್ಣಿನಷ್ಟು ಗಾತ್ರ. ಮಕ್ಕಳಿಗೆ ಹಲ್ಲುಜ್ಜುವ ಕ್ರಮ ತೋರಿಸಲಿಕ್ಕೆ ಕ್ಲಿನಿಕ್ಕಿನವರು ಕೊಟ್ಟದ್ದು. ಬಸ್ಸು ಬ್ರೇಕು ಹಾಕಿದಾಗಲೆಲ್ಲ ಅದು ಕಟಕ್ಕೆಂದು ಬಾಯಿ ಮುಚ್ಚುತ್ತಿತ್ತು.

"ಎಂತ ಮಾರಾಯ್ರೆ, ಇದಕ್ಕೆ ಹಾಫಾ ಫುಲ್ಲಾ?" ಎಂದು ಕಂಡಕ್ಟರ್ ಕೇಳಿದ್ದ.

"ಇನ್ನೂ ಹಾಲುಹಲ್ಲು ಮಾರಾಯ್ರೆ, ಹಾಫ್ ಕೊಡಿ."

ಬಸ್ಸಿಗೆ ಬಸ್ಸೇ ನಕ್ಕಿತ್ತು. ಶೋಭಿತನಿಗೆ ಅಷ್ಟು ಸಾಕು. ಜನ ನಕ್ಕರೆ ತನ್ನ ಕೆಲಸ ಆಯಿತು ಎಂದು ನಂಬಿದವನು ಅವನು. ಊರಿನ ಮಕ್ಕಳಿಗೆಲ್ಲ "ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ" ಎಂದು ಪಾಠ ಮಾಡಿ, ರಾತ್ರಿ ಬಿರಿಯಾನಿ ತಿಂದು ಹಾಗೆಯೇ ಮೊಬೈಲು ನೋಡುತ್ತ ನಿದ್ದೆ ಹೋಗುವವನೂ ಅವನೇ. ಅವನದೇ ಒಂದು ದವಡೆಹಲ್ಲಿನಲ್ಲಿ ಹುಳುಕಿತ್ತು. ಕ್ಲಿನಿಕ್ಕಿನಲ್ಲಿ ಕೆಲಸದವರಿಗೆ ರಿಯಾಯಿತಿ ಉಂಟು. ತೋರಿಸಲಿಕ್ಕೆ ಅವನಿಗೆ ಹೆದರಿಕೆ.

ಪಡೀಲಿನಲ್ಲಿ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಒಂದು ಕನ್ನಡ ಶಾಲೆ ಉಂಟು. ಅಲ್ಲಿಗೆ ಅವನು ಮೊದಲ ಸಲ ಹೋದ ದಿನ ಕಾರ್ಯಕ್ರಮ ಎಕ್ಕುಟ್ಟಿ ಹೋಗಿತ್ತು. ಮಕ್ಕಳು ಆಕಳಿಸುತ್ತಿದ್ದರು. ಶೋಭಿತ ದವಡೆಯನ್ನು ಎತ್ತಿ ಹಿಡಿದು "ಇದು ಕೋರೆಹಲ್ಲು" ಎನ್ನುವಾಗ ಕೀಲು ಕಳಚಿ ಮೇಲಿನ ಸಾಲು ಅವನ ಕಾಲ ಮೇಲೆ ಬಿತ್ತು. ಮಕ್ಕಳು ನಕ್ಕದ್ದು ಆಗ. ಆ ನಗು ಅವನಿಗೆ ಬೇಕಾದ ನಗು ಆಗಿರಲಿಲ್ಲ.

ಆಗ ಹಿಂದಿನ ಬಾಗಿಲಿನಿಂದ ಶಾಲೆಯ ಜವಾನ ದುಗ್ಗಪ್ಪಣ್ಣ ಮುಂದೆ ಬಂದರು. ತೆಳ್ಳಗಿನ ಮನುಷ್ಯ, ಮೊಣಕಾಲು ಮುಟ್ಟುವ ಖಾಕಿ ಚಡ್ಡಿ, ಹೆಗಲಿಗೆ ಟವೆಲಿನಂಥ ಬೈರಾಸು.

"ಮಾಸ್ಟ್ರೇ, ಪ್ಲಾಸ್ಟಿಕ್ ಯಾಕೆ? ಅಸಲು ಮಾಲು ಇಲ್ಲೇ ಉಂಟಲ್ಲ" ಎಂದು ಮಕ್ಕಳ ಎದುರು ಬಾಯಿ ತೆರೆದರು.

ಒಳಗೆ ಎರಡೇ ಹಲ್ಲು. ಕೆಳಗಿನ ಸಾಲಿನಲ್ಲಿ ಈ ತುದಿಗೆ ಒಂದು, ಆ ತುದಿಗೆ ಒಂದು.

"ಅಜ್ಜ, ಎರಡು ಮಾತ್ರ ಯಾಕೆ ಉಂಟು?" ಒಂದು ಮಗು ಕೇಳಿತು.

"ಇದು ನಾನು. ಅದು ನನ್ನ ಹೆಂಡತಿ. ಮಾತು ಬಿಟ್ಟಿದ್ದೇವೆ, ಹಾಗೆ ದೂರ ದೂರ."

ಹೆಡ್‌ಮಾಸ್ಟರ್ ಗ್ರೆಗರಿ ಕೂಡ ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕರು. ನಗು ಇಳಿದ ಮೇಲೆ ದುಗ್ಗಪ್ಪಣ್ಣ, "ಉಳಿದದ್ದೆಲ್ಲ ಎಲ್ಲಿ ಹೋಯ್ತು ಗೊತ್ತುಂಟಾ? ಉಜ್ಜದೆ ಹೋಯ್ತು. ನನಗೆ ಯಾರೂ ಹೇಳ್ಲಿಲ್ಲ. ನಿಮಗೆ ಹೇಳ್ಲಿಕ್ಕೆ ಮಾಸ್ಟ್ರು ಬಸ್ಸಿನಲ್ಲಿ ಬರ್ತಾರೆ, ಹೊತ್ತುಕೊಂಡು" ಎಂದು ದವಡೆಯ ಮೇಲಿನ ಸಾಲನ್ನು ನೆಲದಿಂದ ಎತ್ತಿ ಕೊಟ್ಟರು. ಶೋಭಿತ ಮಾಸ್ಟ್ರಲ್ಲ. ಆದರೆ ಹಾಗೆ ಕರೆದದ್ದು ಅವನಿಗೆ ಹಿತವಾಯಿತು, ತಿದ್ದಲಿಲ್ಲ.

ಅಂದಿನಿಂದ ಕಾರ್ಯಕ್ರಮ ಇಬ್ಬರದಾಯಿತು. ತಿಂಗಳಿಗೊಮ್ಮೆ ಶೋಭಿತ ಬರುವುದು, ಮಾತಾಡುವುದು, ಟಾರ್ಚು ಬಿಡುವುದು. ದುಗ್ಗಪ್ಪಣ್ಣ ಕುರ್ಚಿಯಲ್ಲಿ ಕೂತು ಬಾಯಿ ತೆರೆಯುವುದು. ಉಳಿದ ದಿನ ಎಲ್ಲ ದುಗ್ಗಪ್ಪಣ್ಣನದೇ. ಒಂದು ಹಳೇ ಡೆಸ್ಕಿನ ಹಲಗೆ ತೆಗೆದು, ಕಬ್ಬಿಣದ ಸರಳು ಕಾಯಿಸಿ ತೂತು ಕೊರೆದು, ತರಗತಿಗೊಂದರಂತೆ ಬ್ರಷ್ಷು ನಿಲ್ಲಿಸುವ ಸ್ಟ್ಯಾಂಡು ಮಾಡಿದರು. ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ಜಗಲಿಯಲ್ಲಿ ತೂಗಿದ ರೈಲು ಕಂಬಿಯ ತುಂಡಿಗೆ ಅವರು ಬೇರೆಯೇ ಒಂದು ಗಂಟೆ ಹೊಡೆಯುತ್ತಿದ್ದರು. ಎರಡು ಪೆಟ್ಟು ಒಟ್ಟೊಟ್ಟಿಗೆ, ಸ್ವಲ್ಪ ತಡೆದು ಇನ್ನೊಂದು. ಟಣ್‌ಟಣ್... ಟಣ್. ಅದು ಹಲ್ಲಿನ ಗಂಟೆ. ಮಕ್ಕಳು ಬ್ರಷ್ಷು ಹಿಡಿದು ನಳ್ಳಿಯ ಎದುರು ಸಾಲು ನಿಲ್ಲಬೇಕು. ಮೆಲ್ಲಗೆ ಜಾರಲು ನೋಡಿದವರನ್ನು ದುಗ್ಗಪ್ಪಣ್ಣ ಕಿವಿ ಹಿಡಿದು ತರುತ್ತಿರಲಿಲ್ಲ. ಬಾಯಿ ತೆರೆದು ತೋರಿಸುತ್ತಿದ್ದರು ಅಷ್ಟೇ. "ಬೇಡ್ವಾ? ಸರಿ. ಮೂರನೆಯವನಾಗಿ ನನ್ನ ಬಾಯಿಗೆ ಬಾ." ಮಗು ಓಡಿ ಸಾಲು ಸೇರುತ್ತಿತ್ತು.

ದುಗ್ಗಪ್ಪಣ್ಣ ಪ್ರಾಯದಲ್ಲಿ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತವರು. ಎಲೆಯಡಿಕೆಯ ಒಟ್ಟಿಗೆ ಹೊಗೆಸೊಪ್ಪು ಕೆನ್ನೆಯಲ್ಲಿಟ್ಟರೆ ಮಧ್ಯಾಹ್ನದ ಹಸಿವು ಗೊತ್ತಾಗುವುದಿಲ್ಲ ಎಂದು ಅಲ್ಲಿ ದೊಡ್ಡವರು ಕಲಿಸಿದ್ದರು. ಕಾರ್ಖಾನೆ ಮುಚ್ಚಿತು. ಹಸಿವೂ ನಿಧಾನಕ್ಕೆ ಕಡಿಮೆಯಾಯಿತು. ಎಲೆ ಮಾತ್ರ ಉಳಿಯಿತು. ಶಾಲೆಗೆ ಬಂದ ಮೇಲೂ ಚಡ್ಡಿಯ ಕಿಸೆಯಲ್ಲಿ ಸುಣ್ಣದ ಡಬ್ಬಿ, ಸೊಂಟದಲ್ಲಿ ಎಲೆಯ ಚೀಲ.

ಕಾರ್ಯಕ್ರಮ ಶುರುವಾದ ವರ್ಷವೇ ಅದನ್ನು ಅವರು ಬಿಟ್ಟರು. ಯಾರೂ ಬಿಡಿ ಎಂದಿರಲಿಲ್ಲ. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳೆಲ್ಲರ ಎದುರು ಚೀಲವನ್ನೂ ಡಬ್ಬಿಯನ್ನೂ ಗ್ರೆಗರಿ ಮಾಸ್ಟ್ರ ಕೈಗೆ ಕೊಟ್ಟು, "ಕೆಂಪು ಬಾಯಿ ಇಟ್ಟುಕೊಂಡು ಬಿಳಿ ಹಲ್ಲಿನ ಪಾಠ ಮಾಡ್ಲಿಕ್ಕೆ ನಾಚಿಕೆ ಆಗ್ತದೆ. ಇನ್ನು ಮುಟ್ಟುದಿಲ್ಲ" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಮಾಸ್ಟ್ರು ಅದನ್ನು ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟರು. ಆಮೇಲಿನ ದಿನಗಳಲ್ಲಿ ದುಗ್ಗಪ್ಪಣ್ಣನ ಕೈ ನಡುಗುತ್ತಿತ್ತು; ಗಂಟೆಯ ಪೆಟ್ಟು ಒಂದೊಂದು ಸಲ ತಪ್ಪುತ್ತಿತ್ತು. ಆದರೆ ಕಪಾಟಿನ ಕಡೆ ಹೋಗಲಿಲ್ಲ. ಆ ಚಪ್ಪಾಳೆ ಅವರ ಆಸ್ತಿ.

ಮೂರು ಮಳೆಗಾಲ ಕಳೆಯಿತು. ಶೋಭಿತನ ತಮಾಷೆಗಳು ಹದಕ್ಕೆ ಬಂದವು. ಕ್ಲಿನಿಕ್ಕಿನ ಫೇಸ್‌ಬುಕ್ ಪುಟದಲ್ಲಿ ದುಗ್ಗಪ್ಪಣ್ಣನ ತೆರೆದ ಬಾಯಿಯ ಫೋಟೊಗೆ ಬಿದ್ದಷ್ಟು ಲೈಕು ಕ್ಲಿನಿಕ್ಕಿನ ದೊಡ್ಡ ಡಾಕ್ಟರ ಮುಖಕ್ಕೂ ಬೀಳಲಿಲ್ಲ. ವರ್ಷಕ್ಕೊಮ್ಮೆ ದಸರಾ ರಜೆ ಮುಗಿದ ಮೇಲೆ ಡಾಕ್ಟರು ಬಂದು ಮಕ್ಕಳ ಹಲ್ಲು ಪರೀಕ್ಷೆ ಮಾಡುವ ಕ್ರಮ. ಶಾಲೆಯಲ್ಲಿ ಕರೆಂಟಿನ ಭರವಸೆ ಇಲ್ಲ. ಆದ್ದರಿಂದ ಪ್ರತಿ ಮಗುವಿನ ಬಾಯಿಗೂ ಟಾರ್ಚು ಹಿಡಿಯುತ್ತಿದ್ದವರು ದುಗ್ಗಪ್ಪಣ್ಣ. ಸಾಲಾಗಿ ಬಂದು ಬಾಯಿ ತೆರೆದ ಅಷ್ಟೂ ಮಕ್ಕಳ ಬಾಯಿಗೆ ಬೆಳಕು ಬಿಟ್ಟು, ಡಾಕ್ಟರು ಎದ್ದ ಮೇಲೆ ಟಾರ್ಚು ಆರಿಸಿ ಕಪಾಟಿನಲ್ಲಿಟ್ಟು ಬರುತ್ತಿದ್ದರು.

ಈ ವರ್ಷ ಜುಲೈ ತಿಂಗಳ ಕಾರ್ಯಕ್ರಮ. ಎಂದಿನಂತೆ ದುಗ್ಗಪ್ಪಣ್ಣ ಬಾಯಿ ತೆರೆದರು, ಶೋಭಿತ ಟಾರ್ಚು ಬಿಟ್ಟ, ಗಂಡ ಹೆಂಡತಿಯ ಜೋಕು ಆಯಿತು. ಮುಂದಿನ ಸಾಲಿನಲ್ಲಿ ಕೂತ ನಾಲ್ಕನೇ ಕ್ಲಾಸಿನ ಮನ್ವಿತಾ ಕೈ ಎತ್ತಿದಳು.

"ಸರ್, ಅಜ್ಜನ ಕೆನ್ನೆಯ ಒಳಗೆ ಬಿಳಿ ಬಿಳಿ ಎಂತದು ಉಂಟು?"

ಶೋಭಿತ ಟಾರ್ಚು ಸ್ವಲ್ಪ ಆಚೆ ತಿರುಗಿಸಿದ. ಎಡಗೆನ್ನೆಯ ಒಳಗೆ, ಗಂಜಿತಿಳಿ ಒಣಗಿ ಅಂಟಿದ ಹಾಗೆ ಒಂದು ಬಿಳಿ. ಕಣ್ಣು ಅದರ ಮೇಲೆ ನಿಲ್ಲುವ ಮೊದಲೇ ಅವನ ನಾಲಿಗೆ ಮುಂದೆ ಹೋಗಿತ್ತು. ಅವನ ಕಷ್ಟವೇ ಅದು, ತಮಾಷೆ ಬಾಯಿಗೆ ಬಂದರೆ ಕಣ್ಣು ಕಿವಿ ಎರಡೂ ರಜೆ ಹಾಕುತ್ತವೆ.

"ಅದಾ? ಅದು ಸುಣ್ಣ! ಅಜ್ಜ ಚೀಲ ಕೊಟ್ರು, ಡಬ್ಬಿ ಕೊಟ್ರು, ಸುಣ್ಣ ಮಾತ್ರ ಕೆನ್ನೆಯಲ್ಲಿ ಅಡಗಿಸಿ ಇಟ್ಟಿದ್ದಾರೆ!"

ಹಾಲು ಉಕ್ಕಿದ ಹಾಗೆ ಮಕ್ಕಳು ನಕ್ಕರು. ಬಾಯಿ ತೆರೆದೇ ಇದ್ದ ದುಗ್ಗಪ್ಪಣ್ಣನೂ ನಕ್ಕರು. ತೆರೆದ ಬಾಯಿಯ ನಗುವಿನಲ್ಲಿ ನೋವೋ ನಗುವೋ ಗೊತ್ತಾಗುವುದಿಲ್ಲ.

ಕಾರ್ಯಕ್ರಮ ಮುಗಿದು ಶೋಭಿತ ದವಡೆಯನ್ನು ಚೀಲಕ್ಕೆ ತುರುಕುವಾಗ ಅವರು ಜಗಲಿಯಲ್ಲಿ ಹತ್ತಿರ ಬಂದು ನಿಂತರು.

"ಮಾಸ್ಟ್ರೇ, ಸುಣ್ಣ ಅಂತ ಹೇಳಿದ್ದು ಯಾಕೆ?"

"ತಮಾಷೆಗೆ ದುಗ್ಗಪ್ಪಣ್ಣ."

"ತಮಾಷೆ ಅಂತ ನನಗೆ ಗೊತ್ತುಂಟು. ಮಕ್ಕಳಿಗೆ ಗೊತ್ತಾಗ್ಬೇಕಲ್ಲ. ಅಜ್ಜ ಕದ್ದು ತಿನ್ತಾನೆ ಅಂತ ತಿಳ್ಕೊಂಡ್ರೆ?"

"ಹಾಗೆಲ್ಲ ಇಲ್ಲ. ಮುಂದಿನ ಸಲ ಬಂದಾಗ ನಾನೇ ಹೇಳ್ತೇನೆ, ಆಯ್ತಾ?"

"ಈ ಬಿಳಿಗೆ ಎಂತ ಮಾಡುದು ಹಾಗಾದ್ರೆ? ಖಾರ ತಾಗಿದ್ರೆ ಸ್ವಲ್ಪ ಉರಿ ಕೂಡ ಉಂಟು."

ಹೆದ್ದಾರಿಯ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು. ಶೋಭಿತ ಚೀಲವನ್ನು ಹೆಗಲಿಗೇರಿಸಿದ. "ಉಜ್ಜಿ ದುಗ್ಗಪ್ಪಣ್ಣ. ಚೆಂದ ಮಾಡಿ ಉಜ್ಜಿ. ಹೋಗ್ತದೆ" ಎಂದವನು ಓಡಿದ. ಬಸ್ಸು ಸಿಕ್ಕಿತು. ಕಿಟಕಿ ಬದಿಯ ಸೀಟೂ ಸಿಕ್ಕಿತು.

ಆಗಸ್ಟಿನಲ್ಲಿ ಅವನು ಬಂದಾಗ ಮಕ್ಕಳು ಒಂದು ಹಾಡು ಕಟ್ಟಿದ್ದರು. ಯಾರು ಕಟ್ಟಿದ್ದು ಎಂದು ಯಾರಿಗೂ ಗೊತ್ತಿಲ್ಲ. ಇಂಥ ಹಾಡುಗಳಿಗೆ ಕವಿ ಇರುವುದಿಲ್ಲ. "ದುಗ್ಗಪ್ಪಜ್ಜ ಬಾಯಿ ತೆಗಿ, ಸುಣ್ಣದ ಡಬ್ಬಿ ಹೊರಗೆ ತೆಗಿ." ಎರಡನೇ ಕ್ಲಾಸಿನ ಒಬ್ಬ ಪುಟಾಣಿ ದುಗ್ಗಪ್ಪಣ್ಣನ ಕಿಸೆಗೆ ಕೈ ಹಾಕಿ ಹುಡುಕುತ್ತಿದ್ದ. "ಇಲ್ಲ ಮಗಾ, ಎಂತದೂ ಇಲ್ಲ" ಎಂದು ಅವರು ಕಿಸೆಯನ್ನು ಹೊರಗೆ ಮಗುಚಿ ತೋರಿಸಿದರು. ಕಿಸೆಯಿಂದ ಸೀಮೆಸುಣ್ಣದ ತುಂಡೊಂದು ಬಿತ್ತು. "ಸುಣ್ಣ! ಸುಣ್ಣ!" ಎಂದು ಹುಡುಗ ಕೂಗುತ್ತ ಓಡಿದ.

ಶೋಭಿತ ಜಗಲಿಯಲ್ಲಿ ನಿಂತು ನಗುತ್ತಿದ್ದ. ಹೇಳಬೇಕೆಂದಿದ್ದ ಮಾತು ನೆನಪಿತ್ತು. ಆದರೆ ಮಕ್ಕಳು ಇಷ್ಟು ಖುಷಿಯಲ್ಲಿರುವಾಗ ಯಾಕೆ, ಮುಂದಿನ ಸಲ ಹೇಳಿದರಾಯಿತು ಎಂದುಕೊಂಡ. ಅವನ ಬದುಕಿನ ಅರ್ಧ ಕೆಲಸಗಳು ಮುಂದಿನ ಸಲದ ಬುಟ್ಟಿಯಲ್ಲಿವೆ. ಅವನ ಹುಳುಕು ಹಲ್ಲೂ ಸೇರಿ.

ಮಕ್ಕಳ ಸಾಲು ಮುಗಿದ ಮೇಲೆ ದುಗ್ಗಪ್ಪಣ್ಣ ಒಬ್ಬರೇ ನಳ್ಳಿಯ ಹತ್ತಿರ ಬಗ್ಗಿ ಉಜ್ಜುತ್ತಿದ್ದರು. ಎರಡು ಹಲ್ಲಿಗೆ ಅಷ್ಟು ಹೊತ್ತು ಯಾಕೆ ಎಂದು ಶೋಭಿತನಿಗೆ ಅನಿಸಿತು. ಅವರು ಉಜ್ಜುತ್ತಿದ್ದದ್ದು ಹಲ್ಲನ್ನಲ್ಲ. ಬ್ರಷ್ಷನ್ನು ಎಡಗೆನ್ನೆಯ ಒಳಗಿಟ್ಟು, ಕಣ್ಣು ಮುಚ್ಚಿ, ಪಾತ್ರೆಯ ತಳ ತಿಕ್ಕುವ ಹಾಗೆ ತಿಕ್ಕುತ್ತಿದ್ದರು. ಉಗುಳಿದಾಗ ನೊರೆ ಕೆಂಪಗಿತ್ತು.

"ಎಂತ ದುಗ್ಗಪ್ಪಣ್ಣ, ಎಲೆ ವಾಪಾಸು ಶುರು ಮಾಡಿದ್ರಾ?"

ಅವರು ಬೈರಾಸಿನಲ್ಲಿ ಬಾಯಿ ಒರೆಸಿಕೊಂಡರು. "ನೀವೂ ಹಾಗೆ ಹೇಳಿದ್ರೆ ಹೇಗೆ ಮಾಸ್ಟ್ರೇ?" ಎಂದು ನೀರು ಬಿಟ್ಟು ಕೆಂಪನ್ನು ತೊಳೆದರು. ಅಷ್ಟರಲ್ಲಿ ಅದನ್ನು ನೋಡಿದ ಮಕ್ಕಳಿದ್ದರು. ಅಜ್ಜ ಕೆಂಪು ಉಗುಳ್ತಾರೆ ಎಂಬ ಸುದ್ದಿ ಸಂಜೆಯೊಳಗೆ ಏಳನೇ ಕ್ಲಾಸಿನವರೆಗೆ ಹೋಯಿತು.

ಆಮೇಲೆ ಅಷ್ಟಮಿ ಬಂತು, ಚೌತಿ ಬಂತು, ದಸರಾ ರಜೆ ಬಂತು. ಒಂದು ತಿಂಗಳು ಶೋಭಿತ ಬರಲಿಲ್ಲ, ಕ್ಲಿನಿಕ್ಕಿನವರು ಅವನನ್ನು ಬೇರೆ ಕಡೆಗೆ ಕಳಿಸಿದ್ದರು. ರಜೆ ಮುಗಿದ ಮೇಲೆ ಡಾಕ್ಟರ ಪರೀಕ್ಷೆಯ ದಿನ ಬಂದದ್ದು ಡಾಕ್ಟರ್ ಶಾಝಿಯಾ. ಕ್ಲಿನಿಕ್ಕಿಗೆ ಹೊಸಬರು, ಶೋಭಿತನಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಅವನ ಜೋಕುಗಳಿಗೆ ನಗದೆ ಇರುವ ಒಬ್ಬರೇ ಒಬ್ಬರು.

ದುಗ್ಗಪ್ಪಣ್ಣ ಎಂದಿನ ಹಾಗೆ ಟಾರ್ಚು ಹಿಡಿದರು. ಸೊರಗಿದ್ದರು. ಬೈರಾಸನ್ನು ಗಲ್ಲದ ಸುತ್ತ ಸುತ್ತಿದ್ದರು. ಕೇಳಿದವರಿಗೆ ಶೀತ ಎಂದಿದ್ದರು. ಮಕ್ಕಳ ಸಾಲು ಅರ್ಧ ಮುಗಿದಾಗ ಚಹಾ ಬಂತು. ಮೊದಲ ಗುಟುಕಿಗೇ ದುಗ್ಗಪ್ಪಣ್ಣನ ಮುಖ ಹಿಂಡಿತು. ಗ್ಲಾಸು ಕೆಳಗಿಟ್ಟರು.

ಡಾಕ್ಟರ್ ಶಾಝಿಯಾ ನೋಡಿದರು. "ದುಗ್ಗಪ್ಪಣ್ಣ, ಒಮ್ಮೆ ಇಲ್ಲಿ ಕೂತ್ಕೊಳ್ಳಿ."

"ನಾನಾ? ನನ್ನದು ಎಂತ ನೋಡುದು ಡಾಕ್ಟ್ರೇ, ಎರಡು ಉಂಟು, ಎಲ್ಲರೂ ನೋಡಿ ಆಗಿದೆ."

"ನಾನು ನೋಡ್ಲಿಲ್ಲ. ಕೂತ್ಕೊಳ್ಳಿ. ಶೋಭಿತ್, ಟಾರ್ಚು ನೀವು ಹಿಡೀರಿ."

ಬೈರಾಸು ಬಿಚ್ಚಿದಾಗ ವಾಸನೆ ಬಂತು. ಬಾಯಿ ಅರ್ಧ ಮಾತ್ರ ತೆರೆಯಿತು. ಮೂರು ವರ್ಷದಿಂದ ಶಾಲೆಗೆ ಶಾಲೆಯೇ ನೋಡಿದ ಆ ಬಾಯಿಗೆ ಶೋಭಿತ ಬೆಳಕು ಹಿಡಿದ. ಬಿಳಿ ಇರಲಿಲ್ಲ. ಬಿಳಿ ಇದ್ದ ಕಡೆ ಕೆನ್ನೆ ಒಳಗಿನಿಂದ ಹೂಕೋಸಿನ ಹಾಗೆ ಎದ್ದಿತ್ತು.

"ಎಷ್ಟು ಸಮಯ ಆಯ್ತು?" ಡಾಕ್ಟರ ಸ್ವರ ತಗ್ಗಿತ್ತು.

"ಮಳೆ ಶುರುವಿನಿಂದ ಉಂಟು. ಉಜ್ತಾ ಇದ್ದೇನೆ ಡಾಕ್ಟ್ರೇ. ಮಾಸ್ಟ್ರು ಎರಡು ಸಲ ಹೇಳಿದ್ದು, ನಾನು ಮೂರು ಸಲ ಉಜ್ತೇನೆ. ಆದ್ರೂ ಹೋಗ್ತಾ ಇಲ್ಲ."

ಅವರು ದೂರು ಹೇಳಿದ್ದಲ್ಲ. ಪಾಠವನ್ನು ಸರಿಯಾಗಿ ಕಲಿತ ಹುಡುಗ ಒಪ್ಪಿಸುವ ಹಾಗೆ ಒಪ್ಪಿಸಿದರು. ಶೋಭಿತ ಟಾರ್ಚನ್ನು ಕೆಳಗಿಳಿಸಿದ. "ಸರಿ ಹಿಡೀರಿ" ಎಂದರು ಡಾಕ್ಟರು.

ಸಂಜೆ ಕ್ಲಿನಿಕ್ಕಿಗೆ ವಾಪಾಸು ಹೋಗುವಾಗ ಕಾರಿನಲ್ಲಿ ಶೋಭಿತ ಕೇಳಿದ. "ಉಜ್ಜಿದ್ದರಿಂದ ಬಂದದ್ದಾ ಮೇಡಂ?"

"ಅಲ್ಲ. ಅದು ಹೊಗೆಸೊಪ್ಪಿನದು. ಬಿಟ್ಟ ಮೇಲೂ ಕೆಲವರಿಗೆ ಬರ್ತದೆ."

ಅವನು ಉಸಿರು ಬಿಡುವಷ್ಟರಲ್ಲಿ ಅವರೇ ಮುಂದುವರಿಸಿದರು. "ಬಿಳಿ ಇರುವಾಗಲೇ ಯಾರಾದ್ರೂ ಕಳಿಸಿದ್ರೆ ಸಣ್ಣದ್ರಲ್ಲಿ ಮುಗೀತಿತ್ತೋ ಏನೋ. ತಿಂಗಳು ತಿಂಗಳು ಬಾಯಿಗೆ ಟಾರ್ಚು ಬಿಡ್ತಿದ್ದಿರಂತೆ ನೀವು?"

ಶೋಭಿತ ತೊಡೆಯ ಮೇಲಿನ ಪ್ಲಾಸ್ಟಿಕ್ ದವಡೆಯ ಬಾಯಿ ಮುಚ್ಚಿ ಹಿಡಿದ.

ಆಪರೇಷನ್ ಆಯಿತು. ಕೆಳದವಡೆಯ ಎಡಭಾಗ ತೆಗೆದರು. ಒಂದು ಹಲ್ಲು ಅದರ ಒಟ್ಟಿಗೆ ಹೋಯಿತು, ಇನ್ನೊಂದನ್ನು ಮೊದಲೇ ಕಿತ್ತಿದ್ದರು. ಕರೆಂಟು, ಅಂದರೆ ರೇಡಿಯೇಶನ್, ಕೊಡಬೇಕೆಂದರು, ಕೊಟ್ಟರು. ಕಾಯಿಲೆ ಕುತ್ತಿಗೆಗೂ ಇಳಿದಿದೆ, ಇನ್ನು ಮನೆಯಲ್ಲಿ ಇಟ್ಟುಕೊಳ್ಳಿ ಎಂದರು. ಶಾಲೆಯಲ್ಲಿ ಗಂಟೆಯನ್ನು ಅಡುಗೆಯವರು ಹೊಡೆಯತೊಡಗಿದರು. ಹಲ್ಲಿನ ಗಂಟೆ ಹೊಡೆಯಲು ಯಾರಿಗೂ ನೆನಪಾಗಲಿಲ್ಲ. ಸ್ಟ್ಯಾಂಡಿನಲ್ಲಿ ಬ್ರಷ್ಷುಗಳಿಗೆ ಧೂಳು ಕೂತಿತು.

ಜನವರಿಯಲ್ಲಿ ಶೋಭಿತ ಅವರ ಮನೆಗೆ ಹೋದ. ಹೋಗದಿರಲು ಅವನಿಗೆ ತುಂಬ ಕಾರಣಗಳಿದ್ದವು, ಎಲ್ಲವನ್ನೂ ಬಳಸಿ ಮುಗಿಸಿದ ಮೇಲೆ ಹೋದ. ಶಾಲೆಯ ಹಿಂದಿನ ಗುಡ್ಡದ ಬುಡದಲ್ಲಿ ಸಣ್ಣ ಮನೆ. ಜಗಲಿಯಲ್ಲಿ ಮಗಳು ಕುಶಲಾ ಹೊಲಿಗೆ ಮೆಷಿನಿನ ಮುಂದೆ ಕೂತಿದ್ದರು. ಶಾಲೆಯ ಯೂನಿಫಾರ್ಮುಗಳನ್ನು ಹೊಲಿದು ಬದುಕುವ ಹೆಂಗಸು, ಗಂಡ ಇಲ್ಲ.

"ಓ, ಹಲ್ಲಿನ ಮಾಸ್ಟ್ರಾ? ಬನ್ನಿ, ಕೂತ್ಕೊಳ್ಳಿ. ಅಪ್ಪ ನಿಮ್ಮದೇ ಸುದ್ದಿ ಹೇಳ್ತಿದ್ರು ಯಾವಾಗಲೂ. ನೀವು ಉಜ್ಲಿಕ್ಕೆ ಹೇಳಿದ ದಿನ ಸಂಜೆಯೇ ಪೇಟೆಗೆ ಹೋಗಿ ಹೊಸ ಬ್ರಷ್ಷು ತೆಗೊಂಡು ಬಂದಿದ್ರು. ಗಟ್ಟಿಯದ್ದು. ರಕ್ತ ಬರ್ತದೆ, ಬೇಡ ಅಪ್ಪ ಅಂದ್ರೆ, ಮಕ್ಕಳಿಗೆ ಬಿಳಿ ಕಾಣ್ಬಾರ್ದು ಅಂತ."

ಆಕೆಯ ಮಾತಿನಲ್ಲಿ ಮುಳ್ಳಿರಲಿಲ್ಲ. ಇದ್ದಿದ್ದರೆ ಶೋಭಿತ ಎರಡು ಮಾತು ಸಮಜಾಯಿಷಿ ಹೇಳಿ ಹಗುರಾಗುತ್ತಿದ್ದ. ಏನೋ ಹೇಳಬೇಕೆಂದು, "ಅಮ್ಮ ಎಲ್ಲಿ?" ಎಂದು ಕೇಳಿದ.

"ಅಮ್ಮ ಹೋಗಿ ಎಷ್ಟೋ ಕಾಲ ಆಯ್ತು ಮಾಸ್ಟ್ರೇ. ನಾನು ಐದನೇ ಕ್ಲಾಸು ಆಗ."

ಮಾತು ಬಿಟ್ಟಿದ್ದೇವೆ, ಹಾಗೆ ದೂರ ದೂರ. ಆ ಜೋಕಿಗೆ ಅವನು ಎಷ್ಟು ಸಲ ನಕ್ಕಿದ್ದನೋ. ತನ್ನದೇ ಜೋಕೆಂದು ಬೇರೆ ಶಾಲೆಗಳಲ್ಲಿ ಹೇಳಿಯೂ ಇದ್ದ.

ಒಳಗಿನಿಂದ ಸದ್ದು ಬಂತು. ಸ್ಟೀಲು ಲೋಟಕ್ಕೆ ಚಮಚದ ಪೆಟ್ಟು.

"ಕರೀತಿದ್ದಾರೆ. ಮಾತಿಲ್ಲ ಅಲ್ವಾ, ಹಾಗೆ ಲೋಟ ಬಡಿದು ಕರೆಯುದು" ಎಂದು ಕುಶಲಾ ಎದ್ದರು.

ದುಗ್ಗಪ್ಪಣ್ಣ ಮಂಚದ ಮೇಲೆ ಗೋಡೆಗೆ ಒರಗಿದ್ದರು. ಮೂಗಿಗೆ ನಳಿಗೆ. ಮುಖದ ಕೆಳಭಾಗಕ್ಕೆ ಬಿಳಿ ಬಟ್ಟೆ ಮುಚ್ಚಿತ್ತು. ಕಣ್ಣು ಮಾತ್ರ ಹಳೆಯವು. ಶೋಭಿತನನ್ನು ಕಂಡು ಹಿಗ್ಗಿದವು. ಎಡಗೈಯನ್ನು ಅಂಗಾತ ಚಾಚಿ, ಬಲಗೈಯ ತೋರುಬೆರಳಿನಿಂದ ಅದರ ಮೇಲೆ ಸವರಿದರು, ವೀಳ್ಯದೆಲೆಗೆ ಸುಣ್ಣ ಹಚ್ಚುವ ಹಾಗೆ. ಆಮೇಲೆ ಎರಡೂ ಕೈಯನ್ನು ಅಡ್ಡಡ್ಡ ಆಡಿಸಿದರು. ಮತ್ತೆ ಸವರಿದರು. ಮತ್ತೆ ಆಡಿಸಿದರು.

"ಸುಣ್ಣ ಅಲ್ಲ ಅಂತ" ಕುಶಲಾ ಬಿಡಿಸಿ ಹೇಳಿದರು. "ಮಕ್ಕಳಿಗೆ ನೀವು ಹೇಳ್ಬೇಕಂತೆ. ಆಪರೇಷನಿಗೆ ಒಳಗೆ ಕೊಂಡೋಗುವಾಗ ಕೂಡ ಅದೇ ಹೇಳ್ತಾ ಇದ್ರು. ಮಾಸ್ಟ್ರು ಮುಂದಿನ ಸಲ ಹೇಳ್ತೇನೆ ಅಂದಿದ್ದಾರೆ, ನೆನಪು ಮಾಡು ಅಂತ."

"ಹೇಳ್ತೇನೆ" ಎಂದ ಶೋಭಿತ. ಈ ಸಲ ಮುಂದಿನ ಸಲ ಎನ್ನಲಿಲ್ಲ. ಯಾವ ದಿನ ಎಂದು ಹೇಳಿದ.

ಕ್ಲಿನಿಕ್ಕಿನಲ್ಲಿ ದೊಡ್ಡ ಡಾಕ್ಟರು ಒಪ್ಪಲಿಲ್ಲ. "ಮಕ್ಕಳ ಹತ್ರ ಕ್ಯಾನ್ಸರ್ ಗೀನ್ಸರ್ ಮಾತು ಬೇಡ ಶೋಭಿತ್. ಹೆದರ್ತಾರೆ. ನಮ್ಮದು ಖುಷಿಯ ಕಾರ್ಯಕ್ರಮ." ಶೋಭಿತ ತಲೆ ಆಡಿಸಿದ. ಯಜಮಾನರ ಎದುರು ತಲೆ ಆಡಿಸುವುದರಲ್ಲಿ ಅವನದು ಪಳಗಿದ ಕೈ, ಅಥವಾ ಕುತ್ತಿಗೆ. ಆ ದಿನ ರಜೆ ಹಾಕಿ ಹೋದ. ದವಡೆಯನ್ನು ತೆಗೆದುಕೊಂಡು ಹೋಗಲಿಲ್ಲ. ಕಂಡಕ್ಟರ್, "ಎಂತ, ಇವತ್ತು ಬೊಕ್ಕುಬಾಯಿಯಾ?" ಎಂದು ಕೇಳಿದಾಗ ನಗಲು ನೋಡಿ ಆಗದೆ ಕಿಟಕಿಯ ಹೊರಗೆ ನೋಡಿದ.

ಮಧ್ಯಾಹ್ನದ ಊಟ ಆದ ಮೇಲೆ ಗ್ರೆಗರಿ ಮಾಸ್ಟ್ರು ಮಕ್ಕಳನ್ನು ಹಾಲ್‌ನಲ್ಲಿ ಕೂರಿಸಿದರು. ದುಗ್ಗಪ್ಪಣ್ಣ ಕೂರುತ್ತಿದ್ದ ಕುರ್ಚಿ ಮುಂದೆ ಇತ್ತು. ಮಾಸ್ಟ್ರು ತಮ್ಮ ಫೋನಿನಲ್ಲಿ ಕುಶಲಾರಿಗೆ ಕರೆ ಮಾಡಿ, ಸ್ಪೀಕರ್ ಹಾಕಿ, ಆ ಕುರ್ಚಿಯ ಮೇಲೆ ಇಟ್ಟರು. "ಅಪ್ಪನ ಕಿವಿಯ ಹತ್ರ ಇಡಿ ಕುಶಲಾ" ಎಂದರು. ಆ ಕಡೆಯಿಂದ ದೊರಗಾದ ಉಸಿರು ಮಾತ್ರ ಕೇಳಿಸುತ್ತಿತ್ತು. ಮಕ್ಕಳು ಕುರ್ಚಿಯನ್ನೇ ನೋಡಿದರು.

ಶೋಭಿತ ಕುರ್ಚಿಯ ಪಕ್ಕ ಬಂದು ನಿಂತ. ಮೂರು ವರ್ಷ ಇದೇ ಹಾಲ್‌ನಲ್ಲಿ ಅವನು ಪಟಪಟ ಮಾತಾಡಿದ್ದ.

"ಮಕ್ಕಳೇ, ಮಳೆಗಾಲದಲ್ಲಿ ನಾನು ನಿಮಗೆ ಒಂದು ಮಾತು ಹೇಳಿದ್ದೆ. ಅಜ್ಜನ ಬಾಯಿಯಲ್ಲಿ ಇದ್ದದ್ದು ಸುಣ್ಣ ಅಂತ. ಅದು ಸುಣ್ಣ ಅಲ್ಲ. ಅಜ್ಜ ನಿಮ್ಮೆದುರು ಎಲೆ ಬಿಟ್ಟವರು, ಮತ್ತೆ ಮುಟ್ಟಲೇ ಇಲ್ಲ. ಕೆಂಪು ಉಗುಳಿದ್ದು ರಕ್ತ. ಅದೊಂದು ಕಾಯಿಲೆ. ನನಗೆ ನೋಡಲಿಕ್ಕೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳುವ ಬದಲು ನಗಿಸಿದೆ."

ಕಿಸೆಗೆ ಕೈ ಹಾಕಿದ್ದ ಎರಡನೇ ಕ್ಲಾಸಿನ ಪುಟಾಣಿ ಬೆರಳು ಬಾಯಿಗಿಟ್ಟುಕೊಂಡಿದ್ದ. ಮನ್ವಿತಾ ಎದ್ದು ನಿಂತಳು.

"ಸರ್, ಹಾಗಾದ್ರೆ ನಾನು ಕೇಳಿದ್ದು ಸರಿ ಇತ್ತಾ?"

"ಸರಿ ಇತ್ತು. ನೀನು ಸರಿಯಾಗಿಯೇ ಕೇಳಿದ್ದಿ."

"ಅಜ್ಜನಿಗೆ ಈಗ ನೋವುಂಟಾ?"

"ಉಂಟು."

ಅವಳು ಕುರ್ಚಿಯ ಹತ್ತಿರ ಹೋಗಿ ಫೋನಿಗೆ ಬಗ್ಗಿದಳು. "ಅಜ್ಜ, ಆ ಹಾಡು ನಾವು ಇನ್ನು ಹೇಳುದಿಲ್ಲ. ಆಯ್ತಾ ಅಜ್ಜ?"

ಉಸಿರು ಒಮ್ಮೆ ನಿಂತ ಹಾಗಾಯಿತು. ಮತ್ತೆ ಶುರುವಾಯಿತು. ಏನೋ ತಡಕಾಡುವ ಸದ್ದು, ಲೋಟ ಸರಿದ ಸದ್ದು. ಕುಶಲಾರನ್ನು ಕರೆಯುತ್ತಿದ್ದಾರೆ, ನೀರು ಬೇಕೇನೋ ಎಂದು ಶೋಭಿತ ಅಂದುಕೊಂಡ.

ಎರಡು ಪೆಟ್ಟು ಒಟ್ಟೊಟ್ಟಿಗೆ. ಸ್ವಲ್ಪ ತಡೆದು, ಇನ್ನೊಂದು.

ದೊಡ್ಡವರಿಗೆ ತಿಳಿಯುವ ಮೊದಲು ಮಕ್ಕಳಿಗೆ ತಿಳಿಯಿತು. ಹಿಂದಿನ ಸಾಲಿನಿಂದ ಒಬ್ಬ ಎದ್ದ. ಆಮೇಲೆ ಎಲ್ಲರೂ. ಗದ್ದಲವಿಲ್ಲದೆ ಸ್ಟ್ಯಾಂಡಿನ ಹತ್ತಿರ ಹೋಗಿ, ಧೂಳು ಹಿಡಿದ ಬ್ರಷ್ಷುಗಳನ್ನು ತೆಗೆದು ಅಂಗಿಗೆ ಒರೆಸಿಕೊಂಡು ನಳ್ಳಿಯ ಎದುರು ಸಾಲು ನಿಂತರು. ಗ್ರೆಗರಿ ಮಾಸ್ಟ್ರು, "ತೊಳೀರಿ ಮಕ್ಕಳೇ, ಮೊದಲು ಬ್ರಷ್ಷು ತೊಳೀರಿ" ಎನ್ನುತ್ತ ಅವರ ಹಿಂದೆ ಹೋದರು.

ಖಾಲಿ ಹಾಲ್‌ನಲ್ಲಿ ಶೋಭಿತನೂ ಫೋನೂ ಉಳಿದರು. ಅವನು ಅದನ್ನು ಎತ್ತಿಕೊಂಡು ಹೊರಗೆ ಬಂದು, ನಳ್ಳಿಯ ಕಟ್ಟೆಯ ಹತ್ತಿರ ಕೈ ಚಾಚಿ ಹಿಡಿದ. ನೀರು ಬೀಳುತ್ತಿತ್ತು. ಮೇಲೆ ಕೆಳಗೆ, ಮೇಲೆ ಕೆಳಗೆ ಉಜ್ಜುವ ಸದ್ದು. ಕ್ಯಾಕರಿಸುವ ಸದ್ದು. ಒಬ್ಬ ಇನ್ನೊಬ್ಬನ ಕಾಲಿಗೆ ಉಗುಳಿ ಬೈಸಿಕೊಂಡ ಸದ್ದು.

ಫೋನು ಹಿಡಿದ ಕೈ ಸೋಲುತ್ತ ಬಂತು. ಅವನು ಕೈ ಬದಲಿಸಲಿಲ್ಲ.

ಕೊನೆಗೆ ಕುಶಲಾರ ಸ್ವರ ಬಂತು, ಮೆಲ್ಲಗೆ. "ಮಾಸ್ಟ್ರೇ, ಅಪ್ಪನಿಗೆ ಕಣ್ಣು ಹತ್ತಿತು. ಎಷ್ಟು ದಿನ ಆಗಿತ್ತು ಹೀಗೆ ನಿದ್ದೆ ಮಾಡಿ. ಫೋನು ಇಡ್ಲಾ?"

"ಇಡ್ಬೇಡಿ ಕುಶಲಕ್ಕ. ಇನ್ನೂ ಒಂದನೇ ಕ್ಲಾಸಿನವರು ಉಳಿದಿದ್ದಾರೆ" ಎಂದ ಶೋಭಿತ.